ನಾಲೆಯ ಬಯಲಿನ ಗದ್ದೆಯಲ್ಲಿ ನಿವೇಶನ

ಪ್ರಶ್ನೆ: ಮಂಡ್ಯದ ಬಳಿ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮಗೆ ಒಂದೂವರೆ ಎಕರೆ ಗದ್ದೆಯಿದೆ. ನೆರೆಯವರು ತಮ್ಮ ಗದ್ದೆಯನ್ನು ನಿವೇಶನಗಳಾಗಿ ಮಾರುತ್ತಿದ್ದಾರೆ. ನಾವೂ ಹಾಗೆ ಮಾಡಬಹುದೇ? ಪಂಪ್‌ಮನೆ ಕಟ್ಟಲೂ ಅನುಮತಿ ಬೇಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸಾಗುವಳಿಗೆ ಬೇಕಾದ ಪಂಪ್‌ಮನೆಗೆ ಭೂಪರಿವರ್ತನೆಯ ಅಗತ್ಯವಿಲ್ಲ. ನಿವೇಶನದ ವಿಷಯ ಅಷ್ಟು ಸುಲಭವಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣದಂತೆ ಕೃಷಿ ಜಮೀನನ್ನು ವಾಸದ ಉದ್ದೇಶಕ್ಕೆ ಬಳಸುವ ಮುನ್ನ ಜಿಲ್ಲಾಧಿಕಾರಿಗಳಿಂದ ಪರಿವರ್ತನೆ ಪಡೆಯಬೇಕು. ಊರು ಮಹಾಯೋಜನೆಯ (ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್) ವ್ಯಾಪ್ತಿಯಲ್ಲಿದ್ದು, ನಿಮ್ಮ ಸರ್ವೆ ನಂಬರು ಅದರಲ್ಲಿ ಕೃಷಿ ವಲಯವೆಂದು ಗುರುತಾಗಿದ್ದರೆ, ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಭೂಬಳಕೆಯ ಬದಲಾವಣೆಯೂ ಆಗಬೇಕಾಗುತ್ತದೆ. ಆದ್ದರಿಂದ ಅರ್ಜಿ ಬರೆಯುವ ಮೊದಲು ಯೋಜನಾ ಪ್ರಾಧಿಕಾರದಲ್ಲಿ ಮಹಾಯೋಜನೆಯ ನಕ್ಷೆಯನ್ನು ನೋಡಿ ಬನ್ನಿ. ಪರಿವರ್ತನೆಯ ಆದೇಶ ಕೈಸೇರಿದರೂ ಬಡಾವಣೆಯ ನಕ್ಷೆಗೆ ಪ್ರತ್ಯೇಕ ಅನುಮೋದನೆ ಬೇಕು. ನೆರೆಯವರು ಇವೆಲ್ಲವನ್ನೂ ಮಾಡಿದ್ದಾರೆಯೇ, ಅಥವಾ ಬರೀ ಪಹಣಿಯ ಮೇಲೆ ಗುಂಟೆ ಲೆಕ್ಕದಲ್ಲಿ ಮಾರುತ್ತಿದ್ದಾರೆಯೇ ಎಂಬುದನ್ನು ವಿಚಾರಿಸಿ. ಎರಡನೆಯದಾದರೆ, ಕೊಂಡವರು ಮನೆ ಕಟ್ಟುವಾಗ ತೊಂದರೆಗೆ ಸಿಲುಕುತ್ತಾರೆ. ಗದ್ದೆ ಬಯಲಿನಲ್ಲಿ ಮತ್ತೊಂದು ಸಂಗತಿಯಿದೆ: ಒಬ್ಬರು ಮಣ್ಣು ತುಂಬಿಸಿ, ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆಯನ್ನು ಮುಚ್ಚಿದರೆ ಮೇಲಿನ ಗದ್ದೆಗಳಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ನಿಮ್ಮ ಗದ್ದೆಗೆ ಈಗಾಗಲೇ ಹಾಗಾಗಿದ್ದರೆ ತಹಶೀಲ್ದಾರರಿಗೂ ನೀರಾವರಿ ಇಲಾಖೆಗೂ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.