ಡಬ್ಬದ ಒಲೆ ಹೊಗೆಯುವುದೇಕೆ?

ಪ್ರಶ್ನೆ: ಚಳಿಗಾಲದಲ್ಲಿ ನಾವು ನಾಲ್ವರು ಗೆಳೆಯರು ನಮ್ಮ ಕಾಫಿ ತೋಟದ ಅಂಚಿನಲ್ಲಿ ಡೇರೆ ಹಾಕಿ ಒಂದೆರಡು ರಾತ್ರಿ ಕಳೆಯುವುದುಂಟು. ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಪುಟ್ಟ ಸೌದೆ ಒಲೆ ಮಾಡಿಕೊಂಡಿದ್ದೇವೆ. ಅದು ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಹೊತ್ತೊಯ್ಯಬಹುದಾದ, ಹೊಗೆ ಕಡಿಮೆಯಿರುವ ಒಲೆಯನ್ನು ಮನೆಯಲ್ಲೇ ಮಾಡುವುದು ಹೇಗೆ? ಅಸ್ತ್ರ ಒಲೆಯನ್ನೇ ಚಿಕ್ಕದಾಗಿ ಮಾಡಲು ಬರುತ್ತದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮೊದಲು ಕೊನೆಯ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ರೂಪುಗೊಂಡ ಆ ಒಲೆ ಮಣ್ಣಿನ ಮೈ ಮತ್ತು ಹೊಗೆಕೊಳವೆಯನ್ನು ನಂಬಿಕೊಂಡದ್ದು, ಅಡುಗೆಮನೆಯಲ್ಲಿ ನೆಲೆಯಾಗಿ ಕೂರುವಂಥದ್ದು. ಬೆನ್ನುಚೀಲಕ್ಕೆ ಅದು ಹೊಂದುವುದಿಲ್ಲ.

ನಿಮ್ಮ ಡಬ್ಬದ ತೊಂದರೆ ಬೇರೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಕಾಯುತ್ತಲೇ ಅನಿಲವಾಗಿ ಹೊರಬೀಳುತ್ತದೆ. ನಾವು ಹೊಗೆಯೆಂದು ಶಪಿಸುವುದು ಬಹುಮಟ್ಟಿಗೆ ಉರಿಯದೆ ತಪ್ಪಿಸಿಕೊಂಡ ಈ ಸೌದೆಯನ್ನೇ. ಕೆಳಗಿನ ತೂತುಗಳಿಂದ ಬಂದ ಗಾಳಿ ಕೆಂಡದಲ್ಲೇ ಖರ್ಚಾಗುವುದರಿಂದ ಮೇಲೆದ್ದ ಅನಿಲಕ್ಕೆ ಗಾಳಿ ಸಾಲದು. ಅಲ್ಲಿಗೆ ಬಿಸಿ ಗಾಳಿಯನ್ನು ಮತ್ತೊಮ್ಮೆ ಒದಗಿಸಬೇಕು. ಅದಕ್ಕಾಗಿಯೇ ಒಂದರೊಳಗೊಂದು ಕೂರುವ ಎರಡು ಡಬ್ಬಗಳು: ಅವುಗಳ ನಡುವಿನ ಜಾಗದಲ್ಲಿ ಕಾದು ಮೇಲೇರಿದ ಗಾಳಿ ಒಳಡಬ್ಬದ ಮೇಲಿನ ತೂತುಗಳಿಂದ ಒಳನುಗ್ಗುತ್ತದೆ.

ಹೊರಗಿನದು ಸುಮಾರು 13 ಸೆಂ.ಮೀ. ಅಗಲದ್ದಿರಲಿ, ಒಳಗಿನದು 10 ಸೆಂ.ಮೀ. ಅಗಲವಿದ್ದು ಎತ್ತರದಲ್ಲಿ ಎರಡು ಮೂರು ಸೆಂ.ಮೀ. ಗಿಡ್ಡದಾಗಿರಲಿ. ಒಳಡಬ್ಬದ ತಳಕ್ಕೆ ಜರಡಿಯಂತೆ ತೂತು ಕೊರೆಯಿರಿ. ಬಾಯಂಚಿನಿಂದ ಒಂದೂವರೆ ಸೆಂ.ಮೀ. ಕೆಳಗೆ ಸುತ್ತಲೂ 6 ಮಿ.ಮೀ.ನ ಹದಿನಾರು ತೂತುಗಳ ಸಾಲೊಂದನ್ನು ಮಾಡಿ. ಹೊರಡಬ್ಬವನ್ನು ಬೋರಲು ಹಾಕಿ, ಮೇಲೆ ಬಂದ ಅದರ ತಳದಲ್ಲಿ ಒಳಡಬ್ಬ ಬಿಗಿಯಾಗಿ ಇಳಿಯುವಷ್ಟು ವೃತ್ತ ಕತ್ತರಿಸಿ. ನೆಲದ ಬದಿಯ ಗೋಡೆಗೆ ಸುತ್ತಲೂ ಇನ್ನಷ್ಟು ದೊಡ್ಡ ತೂತುಗಳನ್ನು ಕೊಡಿ. ವೃತ್ತವನ್ನು ಗೆರೆಗಿಂತ ಒಳಗೇ ಕತ್ತರಿಸಿ ಅರದಿಂದ ಉಜ್ಜುತ್ತ ಹದಕ್ಕೆ ತರುವುದು ಮೇಲು, ಏಕೆಂದರೆ ಸಡಿಲವಾದರೆ ಬಿಸಿ ಗಾಳಿಯೆಲ್ಲ ಆ ಸಂದಿನಲ್ಲೇ ಸೋರಿಹೋಗುತ್ತದೆ. ನನ್ನ ಮೊದಲನೆಯ ಒಲೆ ಕೆಟ್ಟದ್ದು ಹೀಗೆಯೇ. ಮೊಳೆಯ ತೂತಿನ ಅಂಚು ಒಳಕ್ಕೆ ಮಡಚಿ ಗಾಳಿಗೆ ಅಡ್ಡ ನಿಲ್ಲುವುದರಿಂದ ಡ್ರಿಲ್ ಬಳಸಿರಿ, ಕೈಗವಸು ಮರೆಯಬೇಡಿ. ಸತು ಲೇಪಿಸಿದ ಜಿ.ಐ. ತಗಡು ಬೇಡವೇ ಬೇಡ, ಕಾದಾಗ ಅದರ ಹೊಗೆ ವಿಷ. ಡಬ್ಬದ ಬಣ್ಣ ಸುಟ್ಟುಹೋಗುವಂತೆ ಮೊದಲೊಮ್ಮೆ ಅಡುಗೆಯಿಲ್ಲದೆ ಬಯಲಿನಲ್ಲಿ ಜೋರಾಗಿ ಉರಿಸಿಬಿಡಿ.

ಪಾತ್ರೆಯನ್ನು ನೇರವಾಗಿ ಒಲೆಯ ಬಾಯ ಮೇಲಿಟ್ಟರೆ ಉರಿ ಉಸಿರುಗಟ್ಟುತ್ತದೆ. ಮೂರನೆಯ ಡಬ್ಬದಿಂದ 5 ಸೆಂ.ಮೀ. ಎತ್ತರದ ಬಳೆ ಕತ್ತರಿಸಿ, ಬದಿಗೆ ಧಾರಾಳವಾಗಿ ಕಿಂಡಿ ಬಿಟ್ಟು ಒಲೆಯ ಬಾಯ ಮೇಲೆ ಕೂರಿಸಿ, ಪಾತ್ರೆಯನ್ನು ಅದರ ಮೇಲಿಡಿ.

ಇನ್ನು ಉರಿ ಹಚ್ಚುವ ಕ್ರಮ. ಎಷ್ಟೋ ಮಂದಿ ಒಲೆಯನ್ನು ಚೆನ್ನಾಗಿ ಮಾಡಿ ಇಲ್ಲಿ ಎಡವುತ್ತಾರೆ. ಬೆರಳಿನ ಗಾತ್ರದ ಒಣ ಸಿಲ್ವರ್ ಓಕ್ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ಮೇಲಿನ ತೂತುಗಳ ಕೆಳಗಿನವರೆಗೆ ಒತ್ತಾಗಿ ತುಂಬಿ, ಮೇಲೆ ಪುರಳೆಯಿಟ್ಟು ಅಲ್ಲಿಂದಲೇ ಹಚ್ಚಿ. ಮನೆಯ ಒಲೆಗೆ ಕೆಳಗಿನಿಂದ ಕಿಚ್ಚಿಡುವ ಅಭ್ಯಾಸದವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಬೆಂಕಿ ಇಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಲವು ನಿಮಿಷಗಳಲ್ಲಿ ಡಬ್ಬ ಕಾದು, ಮೇಲಿನ ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ನಾಲಗೆ ಒಳಮುಖವಾಗಿ ಚಾಚಿ, ಗ್ಯಾಸ್ ಒಲೆಯ ಬರ್ನರಿನಂತೆ ಕಾಣತೊಡಗಿದರೆ ಕೆಲಸ ಕೈಗೂಡಿತೆಂದು ತಿಳಿಯಿರಿ. ಒಂದು ಲೀಟರ್ ನೀರು ಕುದಿಸಲು ಹೆಚ್ಚುಕಡಿಮೆ 100 ಗ್ರಾಂ ಒಣಕಡ್ಡಿ ಸಾಕು. ಹಸಿ ಕಡ್ಡಿ ಹಾಕಿದರೆ ಈ ಲೆಕ್ಕವೂ ಇಲ್ಲ, ಉರಿಯೂ ಇಲ್ಲ.

ಚಳಿಯೆಂದು ಒಲೆಯನ್ನು ಡೇರೆಯೊಳಗೆ ಒಯ್ಯಬೇಡಿ. ಉರಿ ಆರಿ ಕೆಂಡವಷ್ಟೇ ಉಳಿದಾಗಲೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹೊಮ್ಮುತ್ತಿರುತ್ತದೆ. ಒಲೆಯ ತಳ ತೆರೆದಿರುವುದರಿಂದ ಕೆಳಗೆ ಚಪ್ಪಡಿ ಕಲ್ಲಿರಲಿ, ಸುತ್ತಲಿನ ತರಗೆಲೆ ಗುಡಿಸಿರಲಿ, ಪಕ್ಕದಲ್ಲಿ ಒಂದು ಬಿಂದಿಗೆ ನೀರಿರಲಿ. ತೋಟದ ಬೇಲಿ ದಾಟಿದರೆ ಮೀಸಲು ಅರಣ್ಯವಾದರೆ ಅಲ್ಲಿ ಈ ಒಲೆಯನ್ನೂ ಹಚ್ಚುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ.

ಪಾತ್ರೆಗೆ ಮಸಿ ಹಿಡಿಯುವುದು ಮಾತ್ರ ಪೂರ್ತಿ ತಪ್ಪದು. ಒಲೆಗೇರಿಸುವ ಮೊದಲು ಪಾತ್ರೆಯ ಹೊರಮೈಗೆ ಬೂದಿ ಕಲಸಿ ಬಳಿಯುವ ಹಳೆಯ ರೂಢಿ ಇಲ್ಲೂ ನಡೆಯುತ್ತದೆ. ಆರಿದ ಮೇಲೆ ನೀರು ಹಾಕಿ ತಿಕ್ಕಿದರೆ ಮಸಿ ಬೂದಿಯೊಡನೆಯೇ ಬಿಟ್ಟುಕೊಳ್ಳುತ್ತದೆ.