ನಾಗಮಂಗಲದ ಒಣ ಹೊಲದಲ್ಲಿ ಬನ್ನಿ ಮರ ನೀರಿಲ್ಲದೆ ಬದುಕುತ್ತದೆಯೇ?

ಬದುಕುತ್ತದೆ. ಮೊದಲ ಎರಡು ಬೇಸಿಗೆ ಸ್ವಲ್ಪ ನೀರು ಕೊಟ್ಟರೆ ಸಾಕು, ಆಮೇಲೆ ಮಳೆಯೇ ಅದಕ್ಕೆ ಜಾಸ್ತಿ. ಥಾರ್ ಮರುಭೂಮಿಯಲ್ಲಿ ನಮ್ಮ ಅರ್ಧದಷ್ಟೂ ಇಲ್ಲದ ಮಳೆಯಲ್ಲಿ ಇದೇ ಮರ ನಿಂತಿದೆ. ಅಲ್ಲಿ ಇದಕ್ಕೆ ಖೇಜ್ರಿ ಎನ್ನುತ್ತಾರೆ, ರಾಜಸ್ಥಾನದ ರಾಜ್ಯ ಮರ.

ಗುಟ್ಟು ಬೇರಿನಲ್ಲಿದೆ. ಬನ್ನಿ ಮೊದಲು ಕೆಳಕ್ಕೆ ಬೆಳೆಯುತ್ತದೆ, ಆಮೇಲೆ ಮೇಲಕ್ಕೆ. ಗಿಡ ಗೇಣುದ್ದ ಇರುವಾಗಲೇ ತಾಯಿಬೇರು ಅದಕ್ಕಿಂತ ಎಷ್ಟೋ ಆಳ ಇಳಿದಿರುತ್ತದೆ, ಮೇಲ್ಮಣ್ಣು ಒಣಗಿದರೂ ತಳದ ತೇವ ಹೀರುತ್ತದೆ. ಅದಕ್ಕೇ ಸುಡು ಬಿಸಿಲಲ್ಲೂ ಹೊಸ ಚಿಗುರು ಬರುತ್ತದೆ. ಎರಡು ವರ್ಷ ಗಿಡ ಕುಂತಲ್ಲೇ ಕುಂತಂತೆ ಕಂಡರೆ ದಯವಿಟ್ಟು ಕಿತ್ತು ಹಾಕಬೇಡಿ!

ಹಾಗಾಗಿ ಆ ಬೇರು ಮುರಿಯಬಾರದು, ಸುತ್ತಿಕೊಳ್ಳಲೂಬಾರದು. ನನ್ನ ಸಲಹೆ, ಬೀಜವನ್ನೇ ಬದುವಿನ ಮೇಲೆ ನೆಡಿ. ಸಿಪ್ಪೆ ಗಟ್ಟಿ. ಬಿಸಿ ನೀರು ಸುರಿದು ಒಂದು ರಾತ್ರಿ ನೆನೆಸಿ, ಮುಂಗಾರು ಹಿಡಿದ ಮೇಲೆ ಹಾಕಿ. ಸಸಿಯೇ ಬೇಕೆಂದರೆ ಉದ್ದನೆಯ ಪಾಕೆಟ್‌ನಲ್ಲಿ ಬೆಳೆಸಿದ್ದನ್ನು ತನ್ನಿ. ಕುರಿ, ಮೇಕೆಗೆ ಈ ಸೊಪ್ಪು ಬಲು ಇಷ್ಟ, ಬೇಲಿ ಬೇಕೇ ಬೇಕು. ನಾಲೆ ಬಯಲಿನಲ್ಲಿ ನೀರು ನಿಲ್ಲುವ ಗದ್ದೆಗೆ ಮಾತ್ರ ಇದು ಬೇಡ.

ಇನ್ನೊಂದು ಮಾತು. ಬಳ್ಳಾರಿ ಜಾಲಿಯೂ ಇದರ ನೆಂಟನೇ, ಆದರೆ ಅಮೆರಿಕದಿಂದ ಬಂದದ್ದು, ಹೊಲವನ್ನೇ ನುಂಗುತ್ತದೆ. ಬನ್ನಿ ಹಾಗಲ್ಲ. ಮೈಸೂರಿನ ಬನ್ನಿಮಂಟಪದಲ್ಲಿ ವಿಜಯದಶಮಿಗೆ ಪೂಜೆಯಾಗುವ ಮರ ಅಲ್ವಾ, ಅದರ ನೆರಳಲ್ಲಿ ರಾಗಿಯೂ ಬೆಳೆಯಬಹುದು.