ವುಶಿಯಾ ಎಂಬ ಚೀನೀ ಕತ್ತಿವರಸೆಯ ವೀರಕಥೆಗಳಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಅಷ್ಟು ಬೇಗ ತಪ್ಪು ತಿಳಿಯುವುದೇಕೆ?

ಅವರು ದಡ್ಡರು ಅಂತಲ್ಲ. ಪ್ರಾಚೀನ ಚೀನಾದ ಈ ಕತ್ತಿವರಸೆಯ ಲೋಕದಲ್ಲಿ ನ್ಯಾಯ ಕೇಳಲು ಯಾರೂ ಸರ್ಕಾರದ ಬಾಗಿಲಿಗೆ ಹೋಗುವುದಿಲ್ಲ. ಕೊಟ್ಟ ಮಾತು, ಗುರುವಿನ ಋಣ, ಆಣೆಯಿಟ್ಟ ಸ್ನೇಹ, ಇವೇ ಕಾನೂನು. ಗುರುವನ್ನು ಕೊಂದವನ ಮೇಲೆ ಸೇಡು ತೀರಿಸದ ಶಿಷ್ಯ ಮುಖ ಎತ್ತಿ ತಿರುಗುವಂತಿಲ್ಲ, ಸಂಶಯ ಪ್ರೇಮಿಯ ಮನೆಯವರ ಮೇಲೆ ಬಿದ್ದರೂ ಸರಿ.

ಕಾದಂಬರಿಕಾರ ಜಿನ್ ಯೋಂಗ್ 1957ರಿಂದ 1959ರವರೆಗೆ ಹಾಂಗ್‌ಕಾಂಗ್‌ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ 'ಲೆಜೆಂಡ್ ಆಫ್ ದಿ ಕಾಂಡೋರ್ ಹೀರೋಸ್' ನೋಡಿ. ಚೀನಾದ ದಕ್ಷಿಣ ಸಾಂಗ್ ರಾಜವಂಶದ ಕಾಲದ ಕಥೆ, ನಾಯಕ ಗುವೊ ಜಿಂಗ್. ಗುವೊ ಜಿಂಗ್‌ನನ್ನು ಮಂಗೋಲಿಯಾದಲ್ಲಿ ಚಿಕ್ಕಂದಿನಿಂದ ತಿದ್ದಿ ಬೆಳೆಸಿದ ಗುರುಗಳಲ್ಲಿ ಐವರು ಪೀಚ್ ಹೂಗಳ ದ್ವೀಪದಲ್ಲಿ ಹೆಣವಾಗಿ ಸಿಗುತ್ತಾರೆ. ಆ ದ್ವೀಪ ಅವನ ಪ್ರೇಯಸಿ ಹುವಾಂಗ್ ರೊಂಗ್‌ಳ ತಂದೆಯದು. ಕೊಲೆಗಾರರು ಓಯಾಂಗ್ ಫೆಂಗ್ ಮತ್ತು ಯಾಂಗ್ ಕಾಂಗ್. ಆದರೆ ಗುರುತುಗಳೆಲ್ಲ ಅವಳ ತಂದೆಯತ್ತಲೇ ಬೆರಳು ಮಾಡುವಂತೆ ಇಟ್ಟಿದ್ದಾರೆ. ಗುವೊ ಅವಳನ್ನು ಬಿಟ್ಟು ಹೊರಡುತ್ತಾನೆ.

ನನಗೆ ಬಹಳ ಇಷ್ಟವಾಗುವುದು ಮುಂದಿನ ಭಾಗ. ಅವಳು ಅಳುತ್ತಾ ಕೂರುವುದಿಲ್ಲ. ಬದುಕುಳಿದ ಕುರುಡು ಗುರು ಮರೆಯಲ್ಲಿ ಕೇಳಿಸಿಕೊಳ್ಳುತ್ತಿರುವಾಗ, ಪ್ರಾಣ ಪಣಕ್ಕಿಟ್ಟು ಓಯಾಂಗ್ ಫೆಂಗ್‌ನ ಎದುರು ಮಾತಿಗೆ ಮಾತು ಕೊಟ್ಟು ಸತ್ಯ ಹೊರಗೆಳೆಯುತ್ತಾಳೆ.

ಇನ್ನೊಂದು ತೊಡಕೂ ಇದೆ: ಗುವೊಗೆ ಚೆಂಗೀಸ್ ಖಾನನ ಮಗಳೊಂದಿಗೆ ಮದುವೆ ನಿಶ್ಚಯವಾಗಿದೆ. ಅಲ್ಲಿ ತಪ್ಪು ತಿಳಿವಳಿಕೆಯೇನೂ ಇಲ್ಲ. ಮನಸ್ಸು ರೊಂಗ್‌ಳದು ಎಂದು ಅವನು ಬಾಯಿಬಿಟ್ಟೇ ಹೇಳುತ್ತಾನೆ, ಆದರೂ ಮಾತು ಮುರಿಯಲಾರ. ಕೊಲೆಯ ಆರೋಪಕ್ಕಿಂತ ಈ ಪ್ರಾಮಾಣಿಕತೆಯೇ ಅವಳನ್ನು ಹೆಚ್ಚು ನೋಯಿಸಿತು ಅಂತ ನನಗನಿಸುತ್ತದೆ.